ಹುಲ್ಲಪ್ಪನವರು ನೋಡಲು ಕಲಿತದ್ದು

ಹುಲ್ಲಪ್ಪನವರು ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿದವರು. ಬಾದಾಮಿಯಿಂದ ಕುಳಗೇರಿ ಕ್ರಾಸ್, ಬಾಗಲಕೋಟೆ, ಹುನಗುಂದ, ಇಳಕಲ್ಲು. ಈ ದಾರಿಗಳಲ್ಲಿ ಯಾವ ತಿರುವಿನಲ್ಲಿ ತಗ್ಗು ಬಿದ್ದಿದೆ, ಯಾವ ಊರಿನ ಮುಂದೆ ಎಮ್ಮೆಗಳು ಅಡ್ಡ ಬರುತ್ತವೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಒಂದೂ ಅಪಘಾತ ಮಾಡದೆ ನಿವೃತ್ತರಾದರು. ಡಿಪೋದಲ್ಲಿ ಶಾಲು ಹೊದಿಸಿ ಕಳಿಸಿದರು. ಮರುದಿನದಿಂದ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ.

ಮೂರು ತಿಂಗಳು ಬಾದಾಮಿಯ ಮನೆಯಲ್ಲಿ ಸುಮ್ಮನೆ ಕುಳಿತರು. ಊಟ ರುಚಿಸಲಿಲ್ಲ. ಪಾತ್ರೆಯ ಮುಚ್ಚಳ ಎಲ್ಲಿಟ್ಟೆ ಎಂಬಂಥ ಮಾತಿಗೂ ಹೆಂಡತಿ ಮಾದೇವಿಯ ಜೊತೆ ಜಗಳವಾಗತೊಡಗಿತು. ಬಾಗಲಕೋಟೆಯಲ್ಲಿ ನೌಕರಿ ಮಾಡುವ ಮಗಳು ಪ್ರಿಯದರ್ಶಿನಿ ಇದನ್ನು ನೋಡಿ, ಅಪ್ಪನನ್ನು ಕೇಳದೆಯೇ ಒಂದು ಚಿತ್ರಕಲಾ ತರಗತಿಗೆ ಅವರ ಹೆಸರು ಹಚ್ಚಿದಳು. ಪ್ರತಿ ಭಾನುವಾರ ಬೆಳಿಗ್ಗೆ ಬಾದಾಮಿಯ ಶಾಲೆಯೊಂದರ ಕೋಣೆಯಲ್ಲಿ ನಡೆಯುವ ತರಗತಿ ಅದು. ಯಾವ ವಯಸ್ಸಿನವರೂ ಬರಬಹುದಿತ್ತು.

“ಏನೂ ಬರದವರಿಗೆ ಅಂತ ಬರದಾರಪ್ಪಾ. ನಿನಗ ಹೇಳಿ ಮಾಡಿಸಿದಂಗ ಐತಿ,” ಎಂದಳು.

ಕಲಿಸುವವರು ಖುಶನುಮಾ, ಇಳಕಲ್ಲಿನಿಂದ ಬಸ್ಸು ಹತ್ತಿ ಬರುವ ಮೂವತ್ತೈದರ ಹೆಣ್ಣುಮಗಳು. ಮೊದಲ ದಿನ ಮೇಜಿನ ಮೇಲೆ ಒಂದು ಬದನೆಕಾಯಿ ಇಟ್ಟು ಅದರ ಚಿತ್ರ ತೆಗೆಯಲು ಹೇಳಿದರು. ಹುಲ್ಲಪ್ಪನವರು ಐದು ನಿಮಿಷದಲ್ಲಿ ಮುಗಿಸಿ ಪೆನ್ಸಿಲ್ ಕೆಳಗಿಟ್ಟರು.

“ಕಾಕಾ, ನೋಡಿ ತೆಗದ್ರೋ, ನೆನಪಿನಿಂದ ತೆಗದ್ರೋ?” ಎಂದು ಖುಶನುಮಾ ಕೇಳಿದರು.

“ಬದನೀಕಾಯಿ ನೋಡೂದೇನೈತ್ರಿ ಅಕ್ಕೋರ, ಹುಟ್ಟಿದಾಗಿಂದ ತಿನ್ನಾಕತ್ತೇನಿ.”

ಖುಶನುಮಾ ನಗಲಿಲ್ಲ. ಪೆನ್ಸಿಲ್ಲನ್ನು ತೆಗೆದುಕೊಂಡು, ಕಾಲು ಗಂಟೆ ಬರೀ ನೋಡುತ್ತ ಕುಳಿತುಕೊಳ್ಳಿ ಎಂದರು. ಹುಲ್ಲಪ್ಪನವರಿಗೆ ಸಿಟ್ಟು ಬಂತು. ಆದರೂ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಕಾಯಿಯ ಮೈಮೇಲೆ ಕಿಟಕಿಯ ಬೆಳಕು ಒಂದು ಪಟ್ಟಿಯಾಗಿ ಬಿದ್ದದ್ದು ಕಂಡಿತು. ತೊಟ್ಟಿನ ಮುಳ್ಳುಗಳು ಕಂಡವು. ಬುಡದ ಹತ್ತಿರ ಹುಳ ಕೊರೆದ ಸಣ್ಣ ತೂತು ಕೂಡ ಕಂಡಿತು. ಅಷ್ಟರಲ್ಲಿ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಕೈ ಮಾತ್ರ ಬೇಗ ಬಗ್ಗಲಿಲ್ಲ. ಸ್ಟೇರಿಂಗ್ ಹಿಡಿದ ಕೈ, ಪೆನ್ಸಿಲ್ಲನ್ನೂ ಹಾಗೇ ಬಿಗಿಯಾಗಿ ಹಿಡಿದು ಮುರಿಯುತ್ತಿತ್ತು. ಪಕ್ಕದಲ್ಲಿ ಕೂರುವ ಕಾಲೇಜು ಹುಡುಗಿಯರ ಚಿತ್ರಗಳನ್ನು ಗೋಡೆಗೆ ಹಚ್ಚಿದಾಗ, ಹುಲ್ಲಪ್ಪನವರು ತಮ್ಮ ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಎರಡು ಸಲ ತರಗತಿ ಬಿಡಬೇಕೆಂದೂ ಮಾಡಿದರು. ಆದರೆ ಒಂದು ದಿನ ಕುಳಗೇರಿ ಕ್ರಾಸ್‌ಗೆ ಹೋಗುವಾಗ, ಪ್ರಯಾಣಿಕರಾಗಿ ಕಿಟಕಿಯ ಪಕ್ಕ ಕುಳಿತು, ದಾರಿಯ ಬದಿಯ ಕೆಂಪು ಗುಡ್ಡಗಳು ಮಧ್ಯಾಹ್ನದ ಬಿಸಿಲಿಗೆ ಬಣ್ಣ ಕಳೆದುಕೊಳ್ಳುವುದನ್ನು ನೋಡಿದರು. ಅಷ್ಟು ವರ್ಷ ಆ ದಾರಿಯಲ್ಲಿ ತಗ್ಗು ಮತ್ತು ಕನ್ನಡಿ ಬಿಟ್ಟು ಬೇರೆ ನೋಡಿರಲಿಲ್ಲ. ಬಿಡುವ ವಿಚಾರ ಬಿಟ್ಟರು.

ನಾಲ್ಕನೆಯ ತಿಂಗಳು, ಮನೆಯವರಲ್ಲಿ ಒಬ್ಬರ ಚಿತ್ರ ತೆಗೆದುಕೊಂಡು ಬನ್ನಿ ಎಂದು ಖುಶನುಮಾ ಹೇಳಿದರು. ಮಾದೇವಿ ಮೊದಲು ಒಪ್ಪಲಿಲ್ಲ. ಕೊನೆಗೆ, ನಾನು ರೊಟ್ಟಿ ಬಡಿಯುತ್ತೇನೆ, ಬೇಕಾದರೆ ತೆಗೆದುಕೊಳ್ಳಿ ಎಂದಳು. ಒಲೆಯ ಮುಂದೆ ಸೆಕೆಗೆ ಸೆರಗು ಸರಿಸಿ ಕುಳಿತಿದ್ದಳು. ಹುಲ್ಲಪ್ಪನವರು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ತೆಗೆದರು. ಮುಖ ಹೇಗೋ ಬಂತು, ಕುತ್ತಿಗೆ ಮಾತ್ರ ಎಡಕ್ಕೆ ಉಬ್ಬಿತು. ಅಳಿಸಿದರು. ಮತ್ತೆ ಅಲ್ಲಿಯೇ ಉಬ್ಬಿತು. ಹಾಗೇ ಒಯ್ದು ತೋರಿಸಿ, ಕುತ್ತಿಗೆ ಕೆಟ್ಟಿದೆ ಅಕ್ಕೋರೆ, ತಿದ್ದಿಕೊಡಿ ಎಂದು ಕೇಳಿಕೊಂಡರು.

ಅಳಿಸಿದ ಗುರುತಿನ ಮೇಲೆಯೇ ಮತ್ತೆ ಉಬ್ಬಿದ ಗೆರೆಯನ್ನು ಖುಶನುಮಾ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, “ಕಾಕಾ, ಇದು ನಿಮ್ಮ ಕೈ ತಪ್ಪಿದ್ದಲ್ಲ ಅನಸ್ತದ. ಮನೀಗೆ ಹೋಗಿ ಕಾಕೂನ್ನ ಇನ್ನೊಮ್ಮೆ ನೋಡ್ರಿ,” ಎಂದರು.

ಹುಲ್ಲಪ್ಪನವರು ಆ ದಿನ ಕ್ಲಾಸು ಮುಗಿಯುವವರೆಗೂ ನಿಲ್ಲಲಿಲ್ಲ. ಮನೆಗೆ ಬಂದು ಮಾದೇವಿಯನ್ನು ಬಾಗಿಲ ಬೆಳಕಿಗೆ ಕರೆದು, ಸೆರಗು ಸರಿಸಿ ನೋಡಿದರು. ಗಂಟಲಿನ ಎಡಕ್ಕೆ ಅಡಿಕೆಗಿಂತ ದೊಡ್ಡದೊಂದು ಗಂಟು. ಎಷ್ಟು ದಿನದಿಂದ ಎಂದು ಕೇಳಿದರು.

“ಐದಾರು ತಿಂಗಳಾತ್ರಿ. ನುಂಗುವಾಗ ಸಿಕ್ಕಿದಂಗ ಆಗ್ತದ. ತಾನ ಇಳೀತದ ಅಂತ ಸುಮ್ಮನಿದ್ದೆ. ನೀವ ಮನ್ಯಾಗ ಕುಂತು ಸೊರಗಿದ್ರಿ, ನಿಮಗೇನ್ ಹೇಳ್ಲಿ?”

ಹುಲ್ಲಪ್ಪನವರು ಅವಳ ಸೆರಗನ್ನು ಮತ್ತೆ ಸರಿಮಾಡಿದರು. ದಿನಕ್ಕೆ ಎರಡು ಸಲ ಎದುರು ಕುಳಿತು ಉಂಡವರು ತಾವು.

ಮರುದಿನವೇ ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದರು. ಪ್ರಿಯದರ್ಶಿನಿ ಅಲ್ಲಿಗೇ ಬಂದಳು. ಥೈರಾಯ್ಡಿನ ಗಂಟು, ಒಳಗೆ ಬೆಳೆದು ಉಸಿರಿನ ಕೊಳವೆಯನ್ನು ಒತ್ತತೊಡಗಿದೆ ಎಂದು ಡಾಕ್ಟರು ಹೇಳಿದರು. ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗಿನ ಆರು ದಿನ ಹುಲ್ಲಪ್ಪನವರು ಪೆನ್ಸಿಲ್ ಮುಟ್ಟಲಿಲ್ಲ. ಕ್ಯಾನ್ಸರ್ ಅಲ್ಲ ಎಂದು ಗೊತ್ತಾದಾಗ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಅತ್ತರು. ಆಪರೇಷನ್ ಆಯಿತು. ಒಂದು ತಿಂಗಳು ಮಾದೇವಿಯ ದನಿ ಒಡೆದಿತ್ತು. ಆಮೇಲೆ ಸರಿಹೋಯಿತು.

ಅವಳು ಚೇತರಿಸಿಕೊಂಡ ಮೇಲೆ ಇಬ್ಬರೂ ಖುಶನುಮಾ ಅವರ ಬಳಿಗೆ ಹೋದರು. ಹುಲ್ಲಪ್ಪನವರು ಏನೇನೋ ಹೇಳಬೇಕೆಂದು ಬಂದಿದ್ದರು, ಬಾಯಿಗೆ ಬಂದದ್ದು ಇಷ್ಟೇ: “ನಿಮ್ಮಿಂದ ಉಳದ್ಲು, ಅಕ್ಕೋರ.”

“ನಾ ಏನ್ ಮಾಡೇನ್ರಿ ಕಾಕಾ? ಕಂಡದ್ದು ನಿಮ್ಮ ಕಣ್ಣಿಗೆ.”

“ಕಣ್ಣು ಮೊದಲಿಂದನೂ ಇದ್ವು,” ಎಂದರು ಹುಲ್ಲಪ್ಪನವರು.

ಅವರ ಚಿತ್ರಗಳು ಇಂದಿಗೂ ಅಂಥ ಚೆಂದವೇನಲ್ಲ. ಬಸ್ಸಿನ ಚಿತ್ರ ತೆಗೆದರೆ ಒಂದು ಗಾಲಿ ಸಣ್ಣದಾಗುತ್ತದೆ. ಅದರ ಬಗ್ಗೆ ಈಗ ನಾಚಿಕೆಯಿಲ್ಲ. ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ಬೆಂಚು ಒರೆಸುತ್ತಾರೆ. ಹೊಸಬರು ಯಾರಾದರೂ ಅಂಜುತ್ತ ಹಿಂದೆ ಕುಳಿತರೆ, ತಾವೂ ಹೋಗಿ ಅವರ ಪಕ್ಕ ಕುಳಿತುಕೊಳ್ಳುತ್ತಾರೆ. ಖುಶನುಮಾ ಅವರಿಗೆಂದು ಮಾದೇವಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ ಆಗಾಗ ಹುಲ್ಲಪ್ಪನವರ ಚೀಲದಲ್ಲಿರುತ್ತದೆ.