ಬೀಟೆ ಗಿಟಾರಿಗೆ ಪಾಸ್

ಎಂಬತ್ತರ ದಶಕದಲ್ಲಿ ನಾನು ಕಡೂರಿನಲ್ಲಿ ಗಿಟಾರ್ ಮಾಡುತ್ತಿದ್ದೆ. ಒಂದು ದಿನ ಶಿವಮೊಗ್ಗದ ಸಂಗೀತ ಕಚೇರಿಯಲ್ಲಿ ನುಡಿಸುವವರಿಗೆ ಕೊಡಲೆಂದು ಹೊಸ ಗಿಟಾರ್ ಹಿಡಿದು ಬಸ್ಸಿನಲ್ಲಿ ಹೊರಟಿದ್ದೆ. ತರೀಕೆರೆ ದಾಟಿದ ಮೇಲೆ ಫಾರೆಸ್ಟ್ ಗೇಟಿನಲ್ಲಿ ಗಾರ್ಡ್ ಪೆಟ್ಟಿಗೆ ತೆಗೆಸಿ, ಗಿಟಾರಿನ ಬೆನ್ನು ಸವರಿ ನೋಡಿದರು.

“ಬೀಟೆ ಮರ ಅಲ್ವೇನ್ರೀ ಇದು? ಸಾಗಿಸೋಕೆ ಪಾಸ್ ಎಲ್ಲಿ?”

“ನಮ್ಮಜ್ಜಿಯ ಹಳೇ ಮಂಚದ್ದು ಸ್ವಾಮಿ. ಸೀಳಿ, ತೆಳ್ಳಗೆ ಹೆರೆದು, ಕಾದ ಕೊಳವೆಗೆ ಒತ್ತಿ ಬಗ್ಗಿಸಿದ್ದೀನಿ. ಇದು ಮರದ ನಾಟಾ ಅಲ್ಲ, ವಾದ್ಯ.”

“ವಾದ್ಯ ಆದ್ರೆ ನುಡ್ಸಿ ನೋಡೋಣ. ಇಲ್ದಿದ್ರೆ ಇಲ್ಲೇ ಇಟ್ಟು ಹೋಗಿ.”

ನನಗೆ ಮಾಡುವುದು ಗೊತ್ತಿತ್ತೇ ಹೊರತು ನುಡಿಸಲು ಬರುತ್ತಿರಲಿಲ್ಲ. ಆದರೂ ತಿಂಗಳುಗಟ್ಟಲೆ ದುಡಿದದ್ದನ್ನು ಅಲ್ಲಿ ಬಿಟ್ಟು ಹೋಗುವ ಮಾತೇ ಇರಲಿಲ್ಲ. ಬಸ್ಸಿನಿಂದ ಇಳಿದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು, ಪ್ರಯಾಣಕ್ಕೆಂದು ಸಡಿಲಿಸಿದ್ದ ತಂತಿಗಳನ್ನು ಒಂದೊಂದಾಗಿ ಶ್ರುತಿ ಮಾಡತೊಡಗಿದೆ. ನನಗೆ ಬರುತ್ತಿದ್ದದ್ದು ಅದೊಂದೇ. ಕಂಡಕ್ಟರ್ ಸೀಟಿ ಊದಿದರೂ ಏಳಲಿಲ್ಲ. ಬಸ್ಸಿನವರೆಲ್ಲ ಇಳಿದು ಸುತ್ತ ನಿಂತರು. ಕೊನೆಗೆ ಆರೂ ತಂತಿಗಳನ್ನು ಒಟ್ಟಿಗೆ ಮೀಟಿದೆ. ನಾದ ಪೂರ್ತಿ ಅಡಗುವವರೆಗೂ ಗಾರ್ಡ್ ಕಿವಿಗೊಟ್ಟು ನಿಂತಿದ್ದರು.

“ವಾದ್ಯಾನೇ ಕಣ್ರೀ, ಹೋಗಿ” ಎಂದು ಗೇಟು ಎತ್ತಿದರು.

ಬಸ್ಸು ಹೊರಟಾಗ ಪಕ್ಕದ ಸೀಟಿನ ಅಜ್ಜಿ, “ಚೆನ್ನಾಗಿತ್ತಪ್ಪಾ. ನೀನು ಹಾಡು ಶುರು ಮಾಡೋಷ್ಟ್ರಲ್ಲೇ ಗೇಟ್ ತೆಗ್ದುಬಿಟ್ರಲ್ಲ” ಎಂದು ಬೇಸರಪಟ್ಟರು.

ಸದ್ಯ, ತೆಗೆದರಲ್ಲ ಎಂದುಕೊಂಡು ನಾನು ಪೆಟ್ಟಿಗೆ ಮುಚ್ಚಿದೆ.