ಹಿನ್ನೀರಿನ ನಡುವೆ ರಾಸಾ ಹುಟ್ಟು ಕೆಳಗಿಟ್ಟಳು

ಬೆಳಿಗ್ಗೆ ಏಳೂವರೆಗೆ ಸಿಂದಗಿ ಬಿಟ್ಟೆವು. ಕಂಡಕ್ಟರ್ ನನಗೆ ಸೊನ್ನೆ ಟಿಕೆಟ್ ಕೊಟ್ಟರು, ರಾಸಾಳಿಂದ ಪೂರ್ತಿ ದರ ಪಡೆದರು. ನನ್ನ ಮಗಳು ಲಿಥುವೇನಿಯಾದಲ್ಲಿ ವೈದ್ಯಕೀಯ ಓದುತ್ತಾಳೆ. ಅವಳು ಬಾಡಿಗೆಗಿರುವ ಮನೆಯ ಒಡತಿ ರಾಸಾ. ಮೂವತ್ತೆಂಟರ ಹೆಂಗಸು, ತುಂಬ ಎತ್ತರ, ಉದ್ದ ತೋಳು. ರಜೆಗೆ ನಮ್ಮ ಮನೆಗೆ ಬಂದವಳು ಆಲಮಟ್ಟಿ ಹಿನ್ನೀರು ನೋಡಬೇಕೆಂದಳು. ನನಗೆ ಈಜು ಬಾರದು, ನೀರೆಂದರೆ ಭಯ. ಆದರೂ ಮನೆಯಲ್ಲಿ ಅವಳೊಡನೆ ಮಾತಾಡಬಲ್ಲವಳು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನಾನೊಬ್ಬಳೇ ಆದ್ದರಿಂದ ಜೊತೆಗೆ ಹೊರಟೆ.

ಬಸವನ ಬಾಗೇವಾಡಿಯಲ್ಲಿ ಇಳಿದು ಮಂಡಕ್ಕಿ ಸೂಸಲಾ, ಮಿರ್ಚಿ ಭಜಿ ತಿಂದೆವು. ನಿಡಗುಂದಿ ಬಸ್ಸಿಗೆ ಕಾಯುವಾಗ ಅವಳು ತನ್ನ ಕಥೆ ಹೇಳಿದಳು. ಹದಿಮೂರನೇ ವಯಸ್ಸಿನಲ್ಲಿ ಹುಟ್ಟು ಹಿಡಿದವಳು ಹದಿನಾರು ವರ್ಷ ಮೊದಲು ಊರಿಗಾಗಿ, ಆಮೇಲೆ ದೇಶಕ್ಕಾಗಿ ದೋಣಿ ಪಂದ್ಯಗಳಲ್ಲಿ ಹುಟ್ಟು ಹಾಕಿದ್ದಳು. ಕೊನೆಯ ವರ್ಷ ಎದೆಬಡಿತ ತಪ್ಪತೊಡಗಿತ್ತು. ತಂಡದಿಂದ ತೆಗೆದಾರೆಂದು ಯಾರಿಗೂ ಹೇಳಲಿಲ್ಲ. ದೊಡ್ಡ ಪಂದ್ಯದಲ್ಲಿ ಗುರಿ ಕಾಣುವ ಹೊತ್ತಿಗೆ ಕೈ ಸೋತು ಗೆಲುವು ತಪ್ಪಿಹೋಯಿತು. ಅದೇ ದೋಣಿಯಲ್ಲಿದ್ದ ಜೊತೆಗಾರ್ತಿ ಅಂದಿನಿಂದ ಮಾತು ಬಿಟ್ಟಿದ್ದಾಳಂತೆ. ಈಗ ಔಷಧಿ ತೆಗೆದುಕೊಳ್ಳುತ್ತಿದ್ದೇನೆ, ಮೆಲ್ಲಗೆ ಹುಟ್ಟು ಹಾಕಬಹುದು ಎಂದಳು.

ನಿಡಗುಂದಿಯಿಂದ ಆಟೋದಲ್ಲಿ ದಂಡೆಗೆ ಹೋದಾಗ ಹನ್ನೊಂದು ಗಂಟೆ. ಗಾಳಿಯಿರಲಿಲ್ಲ. ಲಾಲಸಾಬ ಎಂಬ ಮೀನುಗಾರ ತನ್ನ ಕಟ್ಟಿಗೆಯ ದೋಣಿಗೆ ನಮ್ಮನ್ನು ಹತ್ತಿಸಿಕೊಂಡ. ಸ್ವಲ್ಪ ದೂರ ಹೋದ ಮೇಲೆ, ರಾಸಾ ಕೇಳಿದಳೆಂದು ಎರಡೂ ಹುಟ್ಟು ಅವಳ ಕೈಗೆ ಕೊಟ್ಟ. ದೋಣಿ ಸದ್ದಿಲ್ಲದೆ ಜಾರಿತು. ಅವನು ಬೆರಗಾಗಿ ನೋಡುತ್ತಿದ್ದ. ಎಷ್ಟು ದೂರ ಬಂದೆವೆಂದು ಯಾರೂ ಗಮನಿಸಲಿಲ್ಲ.

ದಂಡೆಯತ್ತ ತಿರುಗಿದಾಗ ಎದುರುಗಾಳಿ ಎದ್ದಿತ್ತು. ಅಲೆಗಳು ದೋಣಿಯೊಳಗೆ ನೀರು ಚೆಲ್ಲತೊಡಗಿದವು. ರಾಸಾ ಜೋರಾಗಿ ಎಳೆದಳು. ಅವಳೆದುರೇ ಕೂತಿದ್ದ ನಾನು ಅವಳ ತುಟಿ ಬಿಳಿಚುವುದನ್ನು ಕಂಡೆ. ಹುಟ್ಟು ಕೆಳಗಿಟ್ಟಳು.

"ನನ್ನಿಂದ ಆಗುವುದಿಲ್ಲ," ಎಂದಳು. "ಎದೆ ತಪ್ಪಿ ಬಡಿಯುತ್ತಿದೆ."

ದೋಣಿ ಅಡ್ಡ ತಿರುಗಿತು. ಲಾಲಸಾಬ ಅವಳನ್ನು ತಳದಲ್ಲಿ ಮಲಗಿಸಿ ಹುಟ್ಟು ಹಾಕಿದ. ದಂಡೆ ಹತ್ತಿರವಾಗಲಿಲ್ಲ.

"ಅಕ್ಕಾರ, ಒಂದು ಹುಟ್ಟು ನೀವು ಹಿಡೀರಿ. ನನ್ನ ಒಬ್ಬನ ಕೈಲೆ ಆಗೂದಿಲ್ಲ."

"ನನಗ ಬರೂದಿಲ್ಲರಿ."

"ನಾ ಎಳದಾಗ ಎಳೀರಿ, ಅಷ್ಟ ಸಾಕು."

ಅವನ ಪಕ್ಕ ಕೂತು ಎಳೆದೆ. ನೀರು ನೋಡಲು ಧೈರ್ಯವಾಗಲಿಲ್ಲ. ಬೆನ್ನ ಹಿಂದೆ ಮಲಗಿದ್ದ ಅವಳತ್ತ ತಿರುಗಲು ಇನ್ನೂ ಹೆಚ್ಚು ಭಯ. ಆಗಾಗ "ರಾಸಾ" ಎಂದು ಕೂಗುತ್ತಿದ್ದೆ, ಅವಳು ಓಗೊಡುತ್ತಿದ್ದಳು. ಒಮ್ಮೆ ಓಗೊಡಲಿಲ್ಲ. ನನ್ನ ಕೈ ನಿಂತಿತು. ಲಾಲಸಾಬ ನಿಲ್ಲಬ್ಯಾಡ್ರಿ ಎಂದು ಗದರಿಸಿದ. ಮತ್ತೆ ಎಳೆದೆ, ಮತ್ತೆ ಕೂಗಿದೆ. ಬಹಳ ಹೊತ್ತಿನ ಮೇಲೆ ಕ್ಷೀಣವಾಗಿ "ಹಾಂ" ಕೇಳಿಸಿತು.

ಹತ್ತಿದ ಜಾಗ ಬಿಟ್ಟು ಎಲ್ಲೋ ಒಂದು ಕಬ್ಬಿನ ಹೊಲದ ಬದಿ ತಲುಪಿದೆವು. ಹೊಲದವರ ಮೂರುಗಾಲಿ ಟಂಟಂನಲ್ಲಿ ಬಾಗೇವಾಡಿ ಆಸ್ಪತ್ರೆ ಸೇರಿದೆವು. ವೈದ್ಯರು ಇಸಿಜಿ ತೆಗೆದು, ಇಂಜೆಕ್ಷನ್ ಕೊಟ್ಟು ಸಂಜೆಯವರೆಗೆ ಮಲಗಿಸಿದರು. ಬಡಿತ ಹಾದಿಗೆ ಬಂತು. ಇಂಥವಳ ಕೈಗೆ ಹುಟ್ಟು ಕೊಡಿಸಿದ್ದಕ್ಕೆ ವೈದ್ಯರ ಬೈಗುಳ ಪೂರ್ತಿ ನನಗೇ ಬಿತ್ತು.

ಸಿಂದಗಿ ಬಸ್ಸಿನಲ್ಲಿ ಕೂತ ಮೇಲೆ, ಮಗಳಿಗೆ ಇದನ್ನು ಹೇಳುವುದು ಬೇಡ ಎಂದು ಕೇಳಿಕೊಂಡೆ. ರಾಸಾ ಒಪ್ಪಲಿಲ್ಲ. ಅಲ್ಲೇ ಫೋನು ಮಾಡಿ, ಒಂದನ್ನೂ ಬಿಡದೆ ಹೇಳಿ, ಫೋನು ನನ್ನ ಕೈಗಿಟ್ಟಳು. ಆ ಕಡೆ ಮಗಳು ಅಳುತ್ತಿದ್ದಳು. ಫೋನು ಕಿವಿಗಿಟ್ಟುಕೊಂಡೇ, ರಾಸಾಳ ಮುಂಗೈ ಹಿಡಿದು, ಮಗಳಿಗೆ ಕೇಳುವಂತೆ ಗಟ್ಟಿಯಾಗಿ ನಾಡಿ ಎಣಿಸುತ್ತ ಕೂತೆ.