ಮೀನು ಬಿಟ್ಟ ದೇವಯಾನಿ

ವಾಸವನ್ ವೈದ್ಯರ ಮನೆಯಿಂದ ಕೇರಳದ ನಮ್ಮ ಚೇಟುವಾ ಊರಿನ ಕಡಲು ಕೂಗಳತೆ ದೂರ. ಅಂಥ ಮನೆಯ ಹೆಂಗಸು ಮೀನು ಮುಟ್ಟುವುದಿಲ್ಲ ಎಂದರೆ ನಮ್ಮವರಿಗೆ ನಗು. ವೈದ್ಯರ ಹೆಂಡತಿ, ಊರಿಗೆಲ್ಲ ಚೇಚಿ ಅಂದರೆ ಅಕ್ಕನಾದ ದೇವಯಾನಿ, ಎಲ್ಲರಿಗೂ ಮೀನು ಹುರಿದು ಬಡಿಸಿ, ತಾವು ಗಂಜಿಗೆ ಚಟ್ನಿ ನೆಂಜಿಕೊಂಡು ಏಳುತ್ತಿದ್ದರು. ವೈದ್ಯರ ಬಳಿ ಕಷಾಯ ಕುದಿಸುವ ಕೆಲಸದವನಾದ ನನಗೂ ಅಲ್ಲೇ ಊಟ. ಎರಡನೇ ಸಲ ಮೀನು ಕೇಳಿ ಹಾಕಿಸಿಕೊಳ್ಳುವಾಗ ನಾಚಿಕೆಯಾಗುತ್ತಿತ್ತು, ಆದರೂ ಕೇಳುತ್ತಿದ್ದೆ.

ಕಾರಣ ಊರಿಗೆಲ್ಲ ಗೊತ್ತು. ಮಗಳು ಬೀನಾಳ ಕುತ್ತಿಗೆಯಲ್ಲಿ ಎಳವೆಯಲ್ಲೇ ತೊನ್ನು ಕಾಣಿಸಿಕೊಂಡಿತು. ಬಸುರಿಯಾಗಿದ್ದಾಗ ಏನು ತಿಂದೆ ಎಂದು ಅತ್ತೆ ಸೊಸೆಯನ್ನು ನಿಲ್ಲಿಸಿ ಕೇಳಿದರು. ತವರಿನಲ್ಲಿ ಮತ್ತಿ ಮೀನಿನ ಸಾರು ಉಂಡು ಮೇಲೆ ಹಾಲು ಕುಡಿದೆ ಎಂದು ಚೇಚಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮೀನೂ ಹಾಲೂ ವಿರುದ್ಧ ಆಹಾರ, ಒಂದು ಉಷ್ಣ, ಇನ್ನೊಂದು ಶೀತ, ಹೊಟ್ಟೆಯಲ್ಲಿ ಕೂಡಿದರೆ ಜೀರ್ಣವಾಗದೆ ರಕ್ತ ಕೆಡಿಸುತ್ತವೆ ಎಂಬುದು ವೈದ್ಯರ ಮನೆಯ ಬೆಕ್ಕಿಗೂ ಗೊತ್ತಿರುವ ಮಾತು. ಅತ್ತೆ ಮಗನ ಮುಖ ನೋಡಿದರು. ವೈದ್ಯರು ಹೌದೆಂದು ತಲೆಯಾಡಿಸಿದರು. ಚೇಚಿ ಅಂದೇ ಮೀನು ಬಿಟ್ಟರು. ಬೀನಾ ಬೆಳೆದು ಟೀಚರಾದಳು. ತೊನ್ನಿಗೆ ಅವಳು ತಲೆ ಕೆಡಿಸಿಕೊಳ್ಳಲಿಲ್ಲ, ತಾಯಿ ಮಾತ್ರ ಪ್ರತಿ ಹಬ್ಬಕ್ಕೂ ಅವಳ ಕುತ್ತಿಗೆ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಹೋದ ಮಳೆಗಾಲದಲ್ಲಿ ಒಬ್ಬ ಮುದುಕಿ ಸೊಸೆಯನ್ನೂ ಮೊಮ್ಮಗುವನ್ನೂ ಕರೆದುಕೊಂಡು ಬಂದಳು. ಮಗುವಿನ ಮೊಣಕಾಲಿನಲ್ಲಿ ಬಿಳಿ ಮಚ್ಚೆ. ಬಸುರಿಯಾಗಿದ್ದಾಗ ಈ ಮಾರಾಯ್ತಿ ಮೀನಿನ ಜೊತೆ ಮೊಸರು ತಿಂದಿದ್ದಾಳೆ, ನೀವೇ ಇವಳಿಗೆ ಬುದ್ಧಿ ಹೇಳಿ ಎಂದಳು. ಸೊಸೆ ತಲೆ ತಗ್ಗಿಸಿ ನಿಂತಿದ್ದಳು. ವೈದ್ಯರು ಬಹಳ ಹೊತ್ತು ಮಗುವಿನ ಕಾಲು ಹಿಡಿದುಕೊಂಡೇ ಕೂತಿದ್ದರು.

"ನಿಮ್ಮ ಕಡೆಯವರಲ್ಲಿ ಯಾರಿಗಾದ್ರೂ ಇದೆಯಾ?" ಎಂದು ಕೇಳಿದರು.

ಮುದುಕಿ ಇದೆ ಎಂದು ನೆಲ ನೋಡುತ್ತ ಗೊಣಗಿದಳು.

"ಹಾಗಾದ್ರೆ ಆ ಹುಡುಗಿನ ಬೈಯೋದು ಬಿಟ್ಬಿಡಿ. ಅವಳು ತಿಂದದ್ದರಿಂದಲೇ ಬಂತು ಅಂತ ನಾನು ಹೇಳಲ್ಲ."

ಅವರು ಹೋದ ಮೇಲೆ ವೈದ್ಯರು ಹೆಂಡತಿಯನ್ನು ಕರೆದರು. ನಾನು ಏಳಹೊರಟರೆ ಕೂರು ಎಂದು ಕೈ ಮಾಡಿದರು.

"ನನ್ನ ಸೋದರತ್ತೆಗೂ ಬೆನ್ನ ತುಂಬ ಇತ್ತು. ಮನೆಯವರು ಮುಚ್ಚಿಟ್ಟಿದ್ರು. ಅಮ್ಮ ನಿನ್ನ ಕೇಳಿದ ದಿನ ನಂಗದು ನೆನಪಿತ್ತು. ತಂಗಿ ಮದುವೆ ತಪ್ಪುತ್ತೆ ಅಂತ ತಲೆಯಾಡಿಸ್ದೆ. ಆಮೇಲೆ ಹೇಳೋಕೆ ಮುಖ ಇರ್ಲಿಲ್ಲ. ಪಾಪಿ ನಾನು."

ಚೇಚಿ ಅಳುತ್ತಾರೆ, ಇಲ್ಲ ಬೈಯುತ್ತಾರೆ ಎಂದುಕೊಂಡೆ. ಅವರು ಬಾಗಿಲಿಗೆ ಒರಗಿ ನಿಂತರು, ಅಷ್ಟೇ.

"ಗೊತ್ತು. ಅದೇ ವರ್ಷ ನಿಮ್ಮ ಸೋದರತ್ತೆ ಹಾಸಿಗೆ ಹಿಡಿದಾಗ ಮೈ ಒರೆಸಿದವಳು ನಾನೇ ಅಲ್ವಾ? ನಿಮ್ಮ ತಂಗಿ ಮದುವೆ ಆಗೋವರೆಗೆ ನಾನೂ ಬಾಯಿ ಬಿಡ್ಲಿಲ್ಲ."

ವೈದ್ಯರ ಮುಖ ನೋಡಲಾಗಲಿಲ್ಲ. ಗೊತ್ತಿದ್ದ ಮೇಲೂ ಮೀನು ಯಾಕೆ ತಿನ್ನಲಿಲ್ಲ ಎಂದು ಮೆಲ್ಲಗೆ ಕೇಳಿದರು.

"ದಿನಾ ನನ್ನ ತಟ್ಟೆ ನೋಡಿದ್ರೆ ಇವತ್ತಲ್ಲ ನಾಳೆ ನೀವೇ ಹೇಳ್ತೀರಿ ಅಂತ ಕಾದೆ. ನೀವು ನನ್ನ ತಟ್ಟೆ ನೋಡೋದನ್ನೇ ಬಿಟ್ರಿ."